ಅಕ್ಕನ ಹನ್ನೊಂದು ದಿನ

1983, ಮಾರ್ಚ್ 27, ಭಾನುವಾರ, ಬೆಳಿಗ್ಗೆ ಹತ್ತೂವರೆ. ಅಕ್ಕಿಪೇಟೆಯ ವಠಾರದ ನಮ್ಮ ಒಂದೇ ಕೋಣೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಳು. ನಾನು ನೋಟ್‌ಬುಕ್ಕಿನ ಹೊಸ ಪುಟದ ನಡುವೆ ಸ್ಕೇಲಿಟ್ಟು ಒಂದು ಗೆರೆ ಎಳೆದೆ. ಎಡಕ್ಕೆ ‘ಪೇಟೆ’ ಎಂದು ಬರೆದೆ, ಬಲಕ್ಕೆ ‘ಹೊರಗೆ’ ಎಂದು. ಆ ವರ್ಷ ನಮ್ಮ ಮನೆಯಲ್ಲಿ ಆದದ್ದೆಲ್ಲ ಆ ಗೆರೆಯಿಂದ ಶುರುವಾಯಿತು.

ನನಗೆ ಆಗ ಇಪ್ಪತ್ತಮೂರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಲೇತ್‌ಗಳಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದದ್ದನ್ನು ಒಂದು ಟ್ರೇಗೆ, ಇಲ್ಲದ್ದನ್ನು ಇನ್ನೊಂದಕ್ಕೆ ಹಾಕಿ, ಎಷ್ಟಕ್ಕೆ ಎಷ್ಟು ಎಂದು ಬರೆದಿಡುವ ಕೆಲಸ. ಬರೆದಿಡುವ ಚಟ ಅಲ್ಲಿಂದ ಮನೆಗೂ ಬಂದಿತ್ತು. ಎದ್ದ ಹೊತ್ತು, ಬಸ್ಸು ಹತ್ತಿದ ಹೊತ್ತು, ಮಳೆ ಬಂದ ದಿನ, ಸೀಮೆಎಣ್ಣೆ ತಂದ ದಿನ, ಎಲ್ಲವೂ ಡೈರಿಗೆ ಹೋಗುತ್ತಿದ್ದವು.

ಮನೆಯಲ್ಲಿ ನಾವು ಮೂವರು: ಅಮ್ಮ, ಅಕ್ಕ, ನಾನು. ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಟೈಪಿಂಗ್ ಕಲಿತು ಆ ವರ್ಷವೇ ದುಡಿಯಲು ಹೊರಟವಳು ನಾನು ಡಿಪ್ಲೊಮಾ ಮುಗಿಸುವವರೆಗೂ ಮನೆಯನ್ನು ಒಬ್ಬಳೇ ನಡೆಸಿದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಅದು ಹಿಡಿಸಲಾರದು.

ಕೆಂಪೇಗೌಡ ರಸ್ತೆಯ ಹತ್ತಿರದ ಒಂದು ಕಚೇರಿಯಲ್ಲಿ ಅಕ್ಕ ದಿನಗೂಲಿ ಟೈಪಿಸ್ಟ್. ಯಾವ ಸಂಜೆ ಬೇಕಾದರೂ ‘ನಾಳೆಯಿಂದ ಬರಬೇಡಿ’ ಎನ್ನಬಹುದಾದ ಕೆಲಸ. ನಾಲ್ಕು ವರ್ಷ ಹೀಗೇ ನಡೆದಿತ್ತು. 1983ರ ಮೊದಲ ವಾರ ಆ ಕಚೇರಿಯಲ್ಲಿ ಒಂದು ಸುತ್ತೋಲೆ ಬಂತು. ಜನವರಿಯಿಂದ ಡಿಸೆಂಬರ್‌ವರೆಗೆ ಇನ್ನೂರ ನಲವತ್ತು ದಿನ ಹಾಜರಿ ಇದ್ದವರನ್ನು ಕಾಯಂ ಮಾಡುತ್ತೇವೆ, ಉಳಿದವರನ್ನು ಬಿಡಿಸುತ್ತೇವೆ ಎಂದು. ಅದಕ್ಕೆ ಮೊದಲು ಬಂದ ಎರಡು ಗಂಡಿನ ಕಡೆಯವರಿಗೂ ಅಕ್ಕ ಬೇಡವೆಂದಿದ್ದಳು. “ಕಾಯಂ ಆಗ್ಲಿ, ಆಮೇಲೆ ನೋಡೋಣ” ಎಂಬುದು ಅವಳ ಮಾತು. ನಾಲ್ಕು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ.

ಜನವರಿ ಕೊನೆಯಲ್ಲಿ ಅವಳಿಗೆ ಟೈಫಾಯ್ಡ್ ಆಯಿತು. ಮಾರ್ಚ್ ಮೊದಲ ವಾರದವರೆಗೆ ಮೂವತ್ತೊಂದು ಕೆಲಸದ ದಿನ ಹೋದವು. ಭಾನುವಾರ, ಎರಡನೇ ಶನಿವಾರ, ಹಬ್ಬಗಳನ್ನೆಲ್ಲ ಕಳೆದು ನಾನು ಲೆಕ್ಕ ಹಾಕಿದೆ. ವರ್ಷಕ್ಕೆ ಇನ್ನೂರ ಎಪ್ಪತ್ತೊಂಬತ್ತು ದಿನ ಕಚೇರಿ ಇರುತ್ತದೆ. ಮೂವತ್ತೊಂದು ಕಳೆದರೆ ಇನ್ನೂರ ನಲವತ್ತೆಂಟು. ಕೈಯಲ್ಲಿ ಎಂಟು ದಿನ ಮಾತ್ರ ಹೆಚ್ಚಿಗೆ ಇದ್ದವು.

“ಎಂಟು ಅಂದ್ರೆ ಬೇಕಾದಷ್ಟಾಯ್ತು. ನಾನೇನು ಇನ್ನೊಂದು ಸಲ ಮಲಗ್ತೀನಾ?” ಎಂದಳು ಅಕ್ಕ.

“ಇಲ್ಲೇ ಇದ್ರೆ ಮಲಗ್ತೀಯ” ಎಂದೆ.

ಡಾಕ್ಟರು ಹೇಳಿದ್ದು ಅದೇ. ವಠಾರದಲ್ಲಿ ಏಳು ಮನೆಗೆ ಒಂದು ನಲ್ಲಿ, ಒಂದು ಕಕ್ಕಸು. ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದು ಬರುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಬಿಂದಿಗೆ ಸಾಲಿನಲ್ಲಿಟ್ಟು ಬರುವುದು ಅಮ್ಮನ ದಿನದ ಮೊದಲ ಕೆಲಸ. ಇಷ್ಟಾದರೂ ಪೇಟೆಯ ಮನೆಗೆ ಒಂದು ಗುಣವಿತ್ತು. ಅಕ್ಕನ ಕಚೇರಿ ಅಲ್ಲಿಂದ ಹದಿನೈದು ನಿಮಿಷದ ನಡಿಗೆ.

ಆ ಭಾನುವಾರ ಗೆರೆಯ ಎರಡೂ ಕಡೆ ತುಂಬಿಸುತ್ತಾ ಹೋದೆ. ಪೀಣ್ಯದ ಹಿಂದಿನ ಹಳ್ಳಿಯಲ್ಲಿ ಒಂದು ಮನೆ ಖಾಲಿ ಇದೆ ಎಂದು ನನ್ನ ಜೊತೆ ಕೆಲಸ ಮಾಡುವ ಸೆಲ್ವರಾಜ್ ಹೇಳಿದ್ದ. ಎರಡು ಕೋಣೆ, ಬೇರೆ ಬಚ್ಚಲು, ಬೋರ್‌ವೆಲ್ ನೀರು, ಕಾರ್ಖಾನೆಗೆ ನಡೆದರೆ ಹನ್ನೆರಡು ನಿಮಿಷ. ಬಲಗಡೆಯ ಪಟ್ಟಿ ಉದ್ದವಾಗುತ್ತಾ ಹೋಯಿತು. ಎಡಗಡೆ ‘ಅಕ್ಕನ ಕಚೇರಿ ಹತ್ತಿರ’ ಎಂಬ ಒಂದೇ ಸಾಲು.

ಆ ಸಾಲಿಗೂ ನನ್ನ ಹತ್ತಿರ ಉತ್ತರವಿತ್ತು. ಜನವರಿಯಿಂದ ಎಪ್ಪತ್ತೊಂದು ದಿನ ಮೆಜೆಸ್ಟಿಕ್‌ನಿಂದ ಪೀಣ್ಯಕ್ಕೆ ಹೋಗಿ ಬಂದ ಬಸ್ಸುಗಳನ್ನೆಲ್ಲ ಬರೆದಿಟ್ಟಿದ್ದೆ. ಕೂತು ಹೋದದ್ದು ಅರವತ್ತನಾಲ್ಕು ದಿನ, ನಿಂತು ಹೋದದ್ದು ಏಳು. ಸರಾಸರಿ ಮೂವತ್ತೆಂಟು ನಿಮಿಷ. ಅಕ್ಕನಿಗೆ ಅದನ್ನು ಓದಿ ಹೇಳಿದೆ.

“ನಲ್ಲಿ ನಮ್ಮದೇ ಅಂದ್ರೆ ನಾನು ನಾಳೆನೇ ಬರ್ತೀನಪ್ಪ” ಎಂದರು ಅಮ್ಮ.

ಅಕ್ಕ ಗಂಜಿಯ ಲೋಟ ಕೆಳಗಿಟ್ಟಳು. “ಅದು ನೀನು ಇಲ್ಲಿಂದ ಹೋಗೋದು. ಬೆಳಿಗ್ಗೆ ಅಲ್ಲಿಂದ ಬರೋ ಬಸ್ಸು ಹೇಗಿರುತ್ತೆ, ನೋಡಿದೀಯಾ?”

“ಹೋಗೋ ಬಸ್ಸೇ ತಾನೇ ವಾಪಸ್ ಬರೋದು” ಎಂದೆ.

ಅಮ್ಮ ನಕ್ಕರು. ಅಕ್ಕನೂ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು. ಕಾರ್ಖಾನೆಯಲ್ಲಿ ಒಂದೇ ಟ್ರೇಯಿಂದ ತೆಗೆದ ಹತ್ತು ಪೀಸು ಅಳೆದು ಇಡೀ ಲಾಟ್ ಪಾಸು ಮಾಡುವವನನ್ನು ನಾನೇ ಬೈಯುತ್ತಿದ್ದೆ. ಮನೆಯಲ್ಲಿ ಮಾಡಿದ್ದು ಅದನ್ನೇ. ಎಪ್ಪತ್ತೊಂದು ದಿನವೂ ನಾನು ಜನ ಬರುವ ಹೊತ್ತಿನಲ್ಲಿ ಅವರಿಗೆ ಎದುರಾಗಿ ಹೋಗುತ್ತಿದ್ದೆ, ಜನ ಹಿಂತಿರುಗುವ ಹೊತ್ತಿನಲ್ಲಿ ಮತ್ತೆ ಎದುರಾಗಿ ಬರುತ್ತಿದ್ದೆ. ನನಗೆ ಸೀಟು ಸಿಗದೆ ಇನ್ನೇನು.

ಏಪ್ರಿಲ್ 10ರಂದು ಮೂವರೂ ಮನೆ ನೋಡಲು ಹೋದೆವು. ಅದೂ ಭಾನುವಾರ, ಬಸ್ಸು ಖಾಲಿ. ಅಕ್ಕ ಕಿಟಕಿಯ ಪಕ್ಕ ಕೂತು ಯಶವಂತಪುರದಿಂದಾಚೆಗಿನ ನೀಲಗಿರಿ ತೋಪುಗಳನ್ನು ನೋಡುತ್ತಾ ಬಂದಳು. ಮನೆಯ ಒಡತಿ ಮುನಿಯಮ್ಮ, ಗಂಡ ಚಿಕ್ಕಣ್ಣ. ಅವರ ಹೊಲದ ಬಹುಪಾಲು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಉಳಿದದ್ದರಲ್ಲಿ ಒಂದು ತುಂಡಿಗೆ ರಾಗಿ, ಇನ್ನೊಂದು ತುಂಡಿಗೆ ಶೀಟು ಹೊದಿಸಿದ ನಾಲ್ಕು ಮನೆಗಳ ಸಾಲು.

“ನೀವು ಪ್ಯಾಟೆಯೋರು, ಇಲ್ಲಿ ಇರ್ತೀರಾ?” ಎಂದರು ಮುನಿಯಮ್ಮ, ಅಕ್ಕನನ್ನು ಮೇಲಿಂದ ಕೆಳಗೆ ನೋಡುತ್ತಾ. “ಇಂಗೆ ಬಂದೋರು ಮಳೆಗಾಲ ಕಂಡ ಮ್ಯಾಕೆ ಓಡೋಯ್ತಾರೆ. ಕೆಸರು ಅಂದ್ರೆ ಕೆಸರು ಕಣವ್ವಾ.”

“ಚರಂಡಿಗಿಂತ ಕೆಸರು ವಾಸಿ ಅಲ್ವಾ?” ಎಂದಳು ಅಕ್ಕ.

“ಅಂಗನ್ನು!” ಎಂದು ಮುನಿಯಮ್ಮ ಜೋರಾಗಿ ನಕ್ಕು ಒಳಗಿನಿಂದ ಬೆಲ್ಲ, ನೀರು ತಂದುಕೊಟ್ಟರು. ಅಕ್ಕ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿತ್ತು.

ಮೇ 15ರಂದು ಸಾಮಾನು ಸಾಗಿಸಿದೆವು. ಸುಡುವ ಬಿಸಿಲು. ಶೀಟಿನ ಕೆಳಗೆ ಮಧ್ಯಾಹ್ನ ಕೂರಲಾಗುತ್ತಿರಲಿಲ್ಲ. ಸಂಜೆಗೆ ಮಾತ್ರ ನೀಲಗಿರಿ ಎಲೆಯ ವಾಸನೆ, ಕಾರ್ಖಾನೆಗಳ ಕಟಿಂಗ್ ಆಯಿಲಿನ ವಾಸನೆ ಎರಡೂ ಬೆರೆತ ಗಾಳಿ ಬರುತ್ತಿತ್ತು. ಮೊದಲ ದಿನ ಅಮ್ಮ ನಲ್ಲಿ ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿ ನೋಡಿದರು. “ಯಾರೂ ‘ಸಾಕು ಬಿಡ್ರೀ’ ಅನ್ನಲ್ಲ, ಅಲ್ವೇನೋ” ಎಂದರು. ಮಳೆ ಹಿಡಿಯುವವರೆಗಿನ ಆ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ಜೋರು ಮಾತಾಡಿದ ದಾಖಲೆ ನನ್ನ ಡೈರಿಯಲ್ಲಿಲ್ಲ.

ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೆ. ಅಕ್ಕ ಕಚೇರಿಯಿಂದ ಬಂದ ಕೂಡಲೇ ಆ ದಿನದ ಚೌಕದಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಿದ್ದೆ. ಮೂಲೆಯಲ್ಲಿ ಒಟ್ಟು ಎಷ್ಟಾಯಿತು ಎಂಬ ಸಂಖ್ಯೆ.

“ನನ್ನ ಹಾಜರಿ ನೀನ್ಯಾಕೋ ಹಾಕ್ತೀಯ?” ಎಂದು ಅಕ್ಕ ಒಮ್ಮೆ ಕೇಳಿದ್ದಳು.

“ನಿನಗೆ ಮರೆತು ಹೋಗತ್ತೆ.”

“ನನ್ನ ದಿನ ನನಗೆ ಮರೆಯುತ್ತಾ?” ಎಂದಳು.

ಜೂನ್ 6ಕ್ಕೆ ಮಳೆ ಹಿಡಿಯಿತು. ತುಮಕೂರು ರಸ್ತೆಯ ನಿಲ್ದಾಣದವರೆಗಿನ ಮಣ್ಣುದಾರಿ ನಾಲ್ಕೇ ದಿನದಲ್ಲಿ ಕಲಸಿದ ಹಿಟ್ಟಾಯಿತು. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆ ಮುಟ್ಟಿ, ಅಲ್ಲಿ ಹೊಂಡದ ನೀರಿನಲ್ಲಿ ಕಾಲು ತೊಳೆದು ಚಪ್ಪಲಿ ಮೆಟ್ಟುತ್ತಿದ್ದಳು. ಆ ನಿಲ್ದಾಣ ಎಂದರೆ ಒಂದು ಕಲ್ಲು ಕಂಬ, ಅಷ್ಟೇ. ನೆರಳೂ ಇಲ್ಲ, ಸೂರೂ ಇಲ್ಲ.

ಜೂನ್ 23, ಗುರುವಾರ, ಕಾರ್ಖಾನೆಗೆ ಕರೆಂಟ್ ರಜೆ. ಅಂದು ಮೊದಲ ಸಲ ನಾನು ಅಕ್ಕನ ಜೊತೆ ನಿಲ್ದಾಣಕ್ಕೆ ಹೋದೆ. ಎಂಟು ಗಂಟೆ ಹತ್ತು ನಿಮಿಷ. ನೆಲಮಂಗಲದ ಕಡೆಯಿಂದ ಬಂದ ಬಸ್ಸು ಒಂದು ಪಕ್ಕಕ್ಕೆ ವಾಲಿಕೊಂಡಿತ್ತು, ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಮೂರನೆಯದು ನಮ್ಮನ್ನು ದಾಟಿ ನೂರು ಗಜ ಮುಂದೆ ಹೋಗಿ ಒಬ್ಬರನ್ನು ಇಳಿಸಿತು. ಅಕ್ಕ ಸೀರೆ ಎತ್ತಿ ಹಿಡಿದು ಓಡಿದಳು. “ಬಾಮ್ಮಾ ಬೇಗ, ಮನೆ ಅಲ್ಲ ಇದು!” ಎಂದು ಕಂಡಕ್ಟರ್ ಕೂಗಿದ. ಯಾರೋ ಒಬ್ಬ ಹೆಂಗಸು ಅವಳ ಮುಂಗೈ ಹಿಡಿದು ಮೇಲೆಳೆದುಕೊಂಡಳು. ಗಡಿಯಾರ ನೋಡಿದೆ. ಎಂಟು ಐವತ್ತೆರಡು. ಅವಳ ಕಚೇರಿ ಒಂಬತ್ತೂವರೆಗೆ. ಒಂಬತ್ತೂ ಮುಕ್ಕಾಲಿಗೆ ಹಾಜರಿ ಪುಸ್ತಕ ಸಾಹೇಬರ ಕೋಣೆಗೆ ಹೋಗುತ್ತದೆ. ಆಮೇಲೆ ಬಂದವರಿಗೆ ಸಹಿಯೂ ಇಲ್ಲ, ಆ ದಿನವೂ ಇಲ್ಲ.

ಅಂದಿನ ಡೈರಿಯಲ್ಲಿ ಬರೆದದ್ದು ಇಷ್ಟು: ‘ಅಕ್ಕನಿಗೆ ಬಸ್ಸು ಸಿಕ್ಕಿತು, 8.52. ಇನ್ನು ಅರ್ಧ ಗಂಟೆ ಮುಂಚೆ ಹೊರಡಬೇಕು.’

ಸಂಜೆ ಅವಳಿಗೂ ಅದನ್ನೇ ಹೇಳಿದೆ. ಅವಳು “ಹೂಂ” ಎಂದಳು. ಅಮ್ಮ ಆಗ ಹೊಸ ಬಚ್ಚಲಲ್ಲಿ ಹಾಡು ಗುನುಗುತ್ತಾ ಪಾತ್ರೆ ಬೆಳಗುತ್ತಿದ್ದರು.

ಅಲ್ಲಿಂದ ಮುಂದೆ ಅವಳು ಮನೆ ಬಿಡುವ ಹೊತ್ತು ಹಿಂದೆ ಹಿಂದೆ ಸರಿಯಿತು. ಜೂನ್‌ನಲ್ಲಿ ಎಂಟು. ಜುಲೈ ಮಧ್ಯಕ್ಕೆ ಏಳು ನಲವತ್ತು. ಸೆಪ್ಟೆಂಬರ್ ಹೊತ್ತಿಗೆ ಏಳು ಹತ್ತು. ಒಂಬತ್ತೂವರೆಯ ಕಚೇರಿಗೆ ಏಳು ಹತ್ತಕ್ಕೆ ಯಾಕೆ ಹೊರಡಬೇಕು ಎಂದು ನಾನು ಕೇಳಲಿಲ್ಲ. ‘ಅಕ್ಕನಿಗೆ ಬೇಗ ಏಳುವ ಅಭ್ಯಾಸವಾಗಿದೆ’ ಎಂದು ಸೆಪ್ಟೆಂಬರ್ 12ರ ಪುಟದಲ್ಲಿ ಮೆಚ್ಚಿ ಬರೆದಿದ್ದೇನೆ. ಹಿಂತಿರುಗುವ ಹೊತ್ತು ಮಾತ್ರ ಬದಲಾಗಲಿಲ್ಲ. ಏಳು ಗಂಟೆ, ಏಳು ಐದು. ನಾನು ನಾಲ್ಕೂಮುಕ್ಕಾಲಿಗೇ ಮನೆಯಲ್ಲಿರುತ್ತಿದ್ದೆ. ಅವಳು ಒಳಗೆ ಕಾಲಿಟ್ಟ ಕೂಡಲೇ ಪೆನ್ಸಿಲ್ ತೆಗೆಯುತ್ತಿದ್ದೆ.

ಅವಳು ಸೊರಗಿದ್ದಳು. ಜ್ವರದ ಸುಸ್ತು ಇನ್ನೂ ಹೋಗಿಲ್ಲ ಎಂದು ಅಮ್ಮ ರಾಗಿ ಅಂಬಲಿ ಕುಡಿಸುತ್ತಿದ್ದರು. ಸಂಬಳ ಕಡಿಮೆ ಬಂದ ತಿಂಗಳು, ಸಂಘಕ್ಕೆ ಹಿಡಿದುಕೊಂಡರು ಎನ್ನುತ್ತಿದ್ದಳು. ಒಂದು ಸೋಮವಾರ ಸಂಜೆ ಬಂದವಳೇ ನನ್ನ ಕೈಯಲ್ಲಿನ ಪೆನ್ಸಿಲ್ ನೋಡಿ, “ಇವತ್ತು ಬೇಡ ಕಣೋ” ಎಂದಳು.

“ಯಾಕೆ?”

“ಸುಮ್ನೆ. ನಾಳೆ ಎರಡೂ ಸೇರಿಸಿ ಹಾಕು.”

“ಎರಡು ಸೇರಿಸಿ ಹಾಕಿದ್ರೆ ತಪ್ಪು ಬರತ್ತೆ” ಎಂದು ಗುರುತು ಹಾಕಿಯೇಬಿಟ್ಟೆ. ಅವಳು ಒಂದು ನಿಮಿಷ ನಿಂತು ಅದನ್ನು ನೋಡಿ ಒಳಗೆ ಹೋದಳು. ಅದು ಅಕ್ಟೋಬರ್ 24.

ಡಿಸೆಂಬರ್ 24, ಶನಿವಾರ, ಇನ್ನೂರ ನಲವತ್ತನೆಯ ಗುರುತು. ನಡುವೆ ಅವಳು ಹೇಳಿ ತೆಗೆದುಕೊಂಡ ರಜೆ ಎರಡೇ ದಿನ, ಹಾಗಾಗಿ ವರ್ಷ ಮುಗಿಯುವ ಹೊತ್ತಿಗೆ ಇನ್ನೂರ ನಲವತ್ತಾರು ಆಗುತ್ತದೆ ಎಂದು ಮೊದಲೇ ಗೊತ್ತಿತ್ತು. ಮಾರನೆಯ ದಿನ ಅಮ್ಮ ಕೇಸರಿಬಾತ್ ಮಾಡಿದರು. ಸೆಲ್ವರಾಜನನ್ನೂ ಕರೆದಿದ್ದೆ. ಅವನು ಎರಡು ಸಲ ಹಾಕಿಸಿಕೊಂಡು, “ಅಕ್ಕಾ, ಇನ್ನು ಗೌರ್ನಮೆಂಟ್ ಮಾಪಿಳ್ಳೈನೇ ಬರ್ತಾನೆ ನೋಡಿ” ಎಂದು ಮದುವೆ ಗಂಡಿನ ಮಾತೆತ್ತಿ ಛೇಡಿಸಿದ. ಅಕ್ಕ, “ತುಪ್ಪ ಇನ್ನೊಂಚೂರು ಬೇಕಿತ್ತು ಅಮ್ಮ” ಎಂದಳು. ಅಷ್ಟೇ. ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಅದನ್ನು ಮುನಿಯಮ್ಮನ ಹಸುವಿಗೆ ಹಾಕಿ ಬಂದಳು.

1984, ಜನವರಿ 6, ಶುಕ್ರವಾರ. ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಅಕ್ಕ ಮನೆಯಲ್ಲಿದ್ದಳು. ಹೊಸಿಲ ಬಳಿ ಕೂತಿದ್ದಳು, ಹೆಗಲ ಚೀಲ ಇನ್ನೂ ತೆಗೆದಿರಲಿಲ್ಲ.

“ಪಟ್ಟಿ ಹಾಕಿದ್ರು. ನನ್ನ ಹೆಸರಿಲ್ಲ.”

“ತಪ್ಪಾಗಿರತ್ತೆ. ನಾನು ಬಂದು ತೋರಿಸ್ತೀನಿ.”

“ಬೇಡ.”

“ನಮ್ಮ ಹತ್ರ ಲೆಕ್ಕ ಇದೆ ಅಕ್ಕ!”

“ಬೇಡ ಅಂದೆನಲ್ಲ” ಎಂದಳು. ನಾನು ಕೇಳಲಿಲ್ಲ. ಸೋಮವಾರ ರಜೆ ಹಾಕಿ, ಹಳೆಯ ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವಳ ಕಚೇರಿಗೆ ಹೋದೆ.

ಹೆಡ್ ಕ್ಲಾರ್ಕ್ ಸಾಧು ಮನುಷ್ಯ, ಕನ್ನಡಕ ಹಣೆಯ ಮೇಲಿಟ್ಟುಕೊಂಡಿದ್ದರು. ನಾನು ಕ್ಯಾಲೆಂಡರ್ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಅದು ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು. ಅವರೇ ಒಂದು ತುದಿಗೆ ಪೇಪರ್‌ವೇಟ್ ಇಟ್ಟರು.

“ಇದನ್ನ ಯಾರು ಹಾಕಿದ್ದು ಸಾರ್?”

“ನಾನೇ. ದಿನಾ, ಅವಳು ಮನೆಗೆ ಬಂದ ಕೂಡಲೇ.”

“ಮನೆಗೆ ಬಂದಿದ್ದು ಸರಿ. ಇಲ್ಲಿಗೆ ಬಂದಿದ್ದು ಇದರಲ್ಲಿರೋದು” ಎಂದು ಹಾಜರಿ ಪುಸ್ತಕ ತೆಗೆದರು. ಅಕ್ಕನ ಹೆಸರಿನ ಸಾಲಿನಲ್ಲಿ ಬೆರಳಿಟ್ಟು ತಿಂಗಳು ತಿಂಗಳು ತಿರುಗಿಸಿದರು. ಹನ್ನೊಂದು ಕಡೆ ಕೆಂಪು ಶಾಯಿಯಲ್ಲಿ ‘ಗೈರು’. ಒಟ್ಟು ಇನ್ನೂರ ಮೂವತ್ತೈದು. ಐದು ದಿನ ಕಡಿಮೆ.

“ಅರ್ಜಿ ಕೊಟ್ಟಿದ್ರು ಪಾಪ, ನವೆಂಬರ್‌ನಲ್ಲೇ. ಬಸ್ಸು ನಿಲ್ಸಲ್ಲ, ಈ ದಿನಗಳನ್ನ ಮನ್ನಿಸಬೇಕು ಅಂತ. ಸಾಹೇಬ್ರು ಒಪ್ಪಲಿಲ್ಲ. ಬಸ್ಸು ನಿಲ್ಲಿಸ್ದೇ ಇದ್ರೆ ನಾವೇನ್ರೀ ಮಾಡೋಣ?” ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. “ಅಕ್ಕಿಪೇಟೆಯಲ್ಲಿ ಇದ್ರಲ್ಲ, ನಡ್ಕೊಂಡು ಬರ್ತಿದ್ರು. ಎಲ್ಲರಿಗಿಂತ ಮೊದಲು ಬರ್ತಿದ್ರು. ಅಂಥಾ ಮನೆ ಬಿಟ್ಟು ಹೋಗಿ ಅಂತ ಯಾರು ಹೇಳಿದ್ದು ಸಾರ್?”

ನಾನು ಆ ಹನ್ನೊಂದು ತಾರೀಖುಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡೆ. ಎರಡು ಮಂಗಳವಾರ, ಉಳಿದ ಒಂಬತ್ತೂ ಸೋಮವಾರ. ಭಾನುವಾರ ಊರಿಗೆ ಹೋದವರೆಲ್ಲ ಸೋಮವಾರ ಬೆಳಿಗ್ಗೆ ಪೇಟೆಗೆ ಹಿಂತಿರುಗುತ್ತಾರೆ, ಅಂದು ಬಸ್ಸು ಇನ್ನೂ ತುಂಬಿರುತ್ತದೆ. ಇಷ್ಟು ತಿಳಿಯಲು ನನಗೆ ಎಂಟು ತಿಂಗಳು ಬೇಕಾಯಿತು. ಅಕ್ಕ ಕೋಣೆಯ ಆ ತುದಿಯಲ್ಲಿ ನಮಗೆ ಬೆನ್ನು ಮಾಡಿ ಟೈಪು ಮಾಡುತ್ತಿದ್ದಳು. ನಾನು ಹೊರಡುವವರೆಗೂ ಯಂತ್ರದ ಸದ್ದು ಒಮ್ಮೆಯೂ ನಿಲ್ಲಲಿಲ್ಲ.

ಸಂಜೆ ಅಮ್ಮ ಹೊರಗಿದ್ದಾಗ ಕೇಳಿದೆ. “ಆ ಹನ್ನೊಂದು ದಿನ ಎಲ್ಲಿದ್ದೆ?”

“ಬಸ್ ಸ್ಟಾಪಲ್ಲಿ.”

“ಸಂಜೆ ಏಳರವರೆಗಾ?”

“ಬಿಡೋ.”

“ಮನೆಗೆ ಬರಬಹುದಿತ್ತಲ್ಲ. ನನಗೆ ಹೇಳಬಹುದಿತ್ತಲ್ಲ.”

ಅವಳು ಜಡೆ ಬಿಚ್ಚಿ ಬಾಚುತ್ತಿದ್ದವಳು ನಿಲ್ಲಿಸಿದಳು. “ಅಮ್ಮ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆರು ಗಂಟೆವರೆಗೆ ಮಲಗ್ತಿದ್ರು. ಏನಂತ ಹೇಳ್ಲಿ? ನಿನ್ನ ಪುಸ್ತಕದಲ್ಲಂತೂ ನಾನು ದಿನಾ ಹೋಗಿ ಬಂದಿದೀನಲ್ಲ, ಸಾಕು ಬಿಡು.” ಕೋಪದಿಂದ ಹೇಳಲಿಲ್ಲ. ಅದಾದ ಮೇಲೆ ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ಎತ್ತಲು ಬಿಡಲೂ ಇಲ್ಲ.

ಒಂದು ವಿಷಯ ಮಾತ್ರ ಸೆಲ್ವರಾಜನಿಂದ ಗೊತ್ತಾಯಿತು. ಅವನು ಯಶವಂತಪುರದಿಂದ ಸೈಕಲ್ ತುಳಿದು ಕೆಲಸಕ್ಕೆ ಬರುತ್ತಿದ್ದ. “ನಿಮ್ಮಕ್ಕ ಬೆಳಿಗ್ಗೆ ಗೊರಗುಂಟೆಪಾಳ್ಯದ ಹತ್ರ ನಡ್ಕೊಂಡು ಹೋಗೋದು ಎಷ್ಟು ಸಲ ನೋಡಿದೀನಿ ಮಚ್ಚಾ. ಡಾಕ್ಟ್ರು ವಾಕಿಂಗ್ ಹೇಳಿರ್ಬೇಕು ಅಂದ್ಕೊಂಡೆ.” ಏಳು ಹತ್ತಕ್ಕೆ ಮನೆ ಬಿಟ್ಟವಳು ಯಶವಂತಪುರದವರೆಗೆ ನಡೆದು, ಅಲ್ಲಿಂದ ಹೊರಡುವ ಬಸ್ಸು ಹಿಡಿಯುತ್ತಿದ್ದಳು. ಹಾಗೆ ನಡೆದೂ ಹೊತ್ತಿಗೆ ಮುಟ್ಟಲಾಗದ ದಿನಗಳು ಆ ಕೆಂಪು ಶಾಯಿಯವು.

ಫೆಬ್ರವರಿ 29ಕ್ಕೆ ಅವಳ ಕೆಲಸ ಮುಗಿಯಿತು. ಮಾರ್ಚ್‌ನಲ್ಲಿ ನಾನು ಅಕ್ಕಿಪೇಟೆಗೆ ಹೋಗಿ ನೋಡಿದೆ. ನಮ್ಮ ಕೋಣೆಯಲ್ಲಿ ರಟ್ಟಿನ ಡಬ್ಬ ಮಾಡುವವರ ಸಂಸಾರವಿತ್ತು. ಸುತ್ತಮುತ್ತ ಒಂಬತ್ತು ಕಡೆ ವಿಚಾರಿಸಿದೆ. ಪೇಟೆ ಬಿಟ್ಟವರಿಗೆ ಪೇಟೆ ಕಾದು ಕೂರುವುದಿಲ್ಲ. ಏಪ್ರಿಲ್‌ನಲ್ಲಿ ಗಂಗಾವತಿ ಕಡೆಯ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡಿದ್ದವರು, ಎರಡು ಮಕ್ಕಳು, ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಕೆಟ್ಟವರಲ್ಲ. ಅಮ್ಮ ಕೇಳಿದಾಗ ಅಕ್ಕ “ಆಗ್ಲಿ” ಎಂದಳು. ಹಿಂದಿನ ಎರಡು ಸಲ ಅವಳು ಹುಡುಗನ ವಯಸ್ಸು, ಓದು, ಊರು ಎಲ್ಲ ಕೇಳಿದ್ದಳು. ಈ ಸಲ ಏನನ್ನೂ ಕೇಳಲಿಲ್ಲ.

ಆಮೇಲೆ ಮೂರು ವರ್ಷದಲ್ಲಿ ಅವಳಿಂದ ಹದಿನಾಲ್ಕು ಕಾಗದ ಬಂದಿವೆ. ಬಿಸಿಲು, ಮಕ್ಕಳ ಶಾಲೆ, ಅತ್ತೆಯ ಮಂಡಿನೋವು. ಮೂರು ಕಾಗದದಲ್ಲಿ ನಾನು ಆ ಹನ್ನೊಂದು ದಿನದ ಬಗ್ಗೆ ಕೇಳಿದೆ. ಆ ಮೂರಕ್ಕೂ ಉತ್ತರ ಬಂತು, ಆ ಪ್ರಶ್ನೆಯೊಂದನ್ನು ಬಿಟ್ಟು. ಅಕ್ಷರ ಮೊದಲಿನಂತೆ ದುಂಡಗಿಲ್ಲ. ಟೈಪು ಮಾಡುವುದು ಮರೆತುಹೋಗಿದೆ ಎಂದು ಒಂದರಲ್ಲಿ ಬರೆದಿದ್ದಳು.

ಹೋದ ವರ್ಷ ನಮ್ಮ ಕಾರ್ಖಾನೆ ಹೊಸೂರು ರಸ್ತೆಗೆ ಸ್ಥಳಾಂತರವಾಯಿತು. ಅಮ್ಮ, ನಾನು ಈಗ ಸಿಂಗಸಂದ್ರದಲ್ಲಿದ್ದೇವೆ. ಕಳೆದ ಭಾನುವಾರ, 1987ರ ಜುಲೈ 19, ಪಡಿತರ ಚೀಟಿ ವರ್ಗ ಮಾಡಿಸಲು ಹಳೆಯ ಮನೆಯವರ ಸಹಿ ಬೇಕೆಂದು ಪೀಣ್ಯಕ್ಕೆ ಹೋದೆ. ಉಳಿದಿದ್ದ ರಾಗಿ ಹೊಲದಲ್ಲೂ ಈಗ ಒಂದು ಶೆಡ್ಡು ಎದ್ದಿದೆ. ಹಸಿ ಮಣ್ಣಿನ ಮೇಲೆ ಕಟಿಂಗ್ ಆಯಿಲ್ ಚೆಲ್ಲಿದ ವಾಸನೆ. ಚಿಕ್ಕಣ್ಣ ಸಹಿ ಹಾಕಲು ಕನ್ನಡಕ ಹುಡುಕುತ್ತಿದ್ದಾಗ ಮುನಿಯಮ್ಮ ಕೇಳಿದರು.

“ನಿಮ್ಮಕ್ಕ ಎಂಗವ್ಳಪ್ಪಾ? ಮಕ್ಳಾದ್ವಾ?”

“ಚೆನ್ನಾಗಿದಾಳೆ” ಎಂದೆ.

“ಒಳ್ಳೆ ಎಣ್ಣುಮಗ್ಳು. ಒಂದಿನ ನಮ್ಮ ಒಲದ ಬದಿನಾಗೆ ಕುಂತಿದ್ಲು, ಬಸ್ಸು ಒಂಟೋಯ್ತು ಅಂತ. ಮನೆಗೋಗವ್ವಾ ಅಂದ್ರೆ ಒಲ್ಲೆ ಅಂದ್ಲು. ಸುಮ್ಕೆ ಯಾಕೆ ಕುಂತಿರ್ಲಿ, ನಾನೂ ಕಳೆ ಕೀಳ್ತೀನಿ ಅಂತ ಸೀರೆ ಎತ್ತಿ ಕಟ್ಕಂಡು ರಾಗಿ ಸಾಲಿಗೆ ಇಳಿದ್ಲು ನೋಡು! ಕಳೆ ಯಾವ್ದು ಪೈರು ಯಾವ್ದು ಗೊತ್ತಿಲ್ಲ, ಎರಡೂ ಕಿತ್ತಾಕಿದ್ಲು. ನಾನು ನಕ್ಕೆ, ಅವ್ಳೂ ನಕ್ಳು. ಬೆರಳು ಕುಯ್ಕಂಡ್ಲು. ಸಂಜೆಗಂಟ ಇದ್ಲು. ನನ್ ಜೊತೆನೇ ಮುದ್ದೆ ಉಂಡ್ಲು.”

“ನೀವು ನಮಗೆ ಹೇಳಲೇ ಇಲ್ವಲ್ಲ ಮುನಿಯಮ್ಮ?”

“ಯೋಳ್ಬ್ಯಾಡಿ ಅಂತ ಕೈ ಮೇಲೆ ಕೈ ಆಕಿಸ್ಕಂಡಿದ್ಲು. ಈಗೇನು, ಅವ್ಳೇ ದೂರ ಓದ್ಲಲ್ಲ.”

“ಯಾವ ದಿನ ಅದು, ನೆನಪಿದೆಯಾ?”

“ದಿನ ಯಾರಿಗೆ ಗೊತ್ತಪ್ಪಾ. ನಮ್ಮ ಕೆಂದ ಹಸ ಈದ ದಿನ.”

ಮನೆಗೆ ಬಂದು 1983ರ ಡೈರಿ ತೆಗೆದೆ. ಆಗಸ್ಟ್ 9, ಮಂಗಳವಾರದ ಪುಟದಲ್ಲಿ ನನ್ನದೇ ಕೈಬರಹ: ‘ಅಕ್ಕ ಬಂದದ್ದು 7.05. ಬೆರಳಿಗೆ ಗಾಯ, ಟೈಪ್‌ರೈಟರಿಗೆ ಸಿಕ್ಕಿತಂತೆ. ಮುನಿಯಮ್ಮನವರ ಹಸು ಕರು ಹಾಕಿತು. ಒಟ್ಟು 133.’

ಈ ಬರಹ ಆ ಸಂಜೆಯಿಂದ ಶುರುಮಾಡಿದ್ದು. ಇದರಿಂದ ಈಗ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತಿದೆ. ಕಚೇರಿಯ ಪುಸ್ತಕ ತಿದ್ದಲಾಗದು, ಅಕ್ಕ ಹಿಂತಿರುಗಲಾರಳು, ಅವಳು ಹೇಳಲೂ ಲಾರಳು. ಆದರೂ ಹನ್ನೊಂದರಲ್ಲಿ ಒಂದು ದಿನ ಅವಳು ಎಲ್ಲಿದ್ದಳು, ಏನು ತಿಂದಳು ಎಂದು ನಾಲ್ಕು ವರ್ಷದ ಮೇಲೆ ಗೊತ್ತಾಯಿತು. ಅಂದು ಅವಳು ನಕ್ಕಿದ್ದಳು ಎಂಬುದೂ ಗೊತ್ತಾಯಿತು. ಉಳಿದ ಹತ್ತು ದಿನ ನನ್ನ ಡೈರಿಯಲ್ಲಿ ಸುಳ್ಳಾಗಿಯೇ ಇವೆ.

ಆ ಹತ್ತು ದಿನ ಇವು, ಎಲ್ಲವೂ 1983ರವು: ಜೂನ್ 21, ಜುಲೈ 4 ಮತ್ತು 18, ಆಗಸ್ಟ್ 1, ಸೆಪ್ಟೆಂಬರ್ 26, ಅಕ್ಟೋಬರ್ 3, 10 ಮತ್ತು 24, ನವೆಂಬರ್ 14 ಮತ್ತು 28. ಪೀಣ್ಯದಿಂದ ಯಶವಂತಪುರದವರೆಗೆ ತುಮಕೂರು ರಸ್ತೆಯ ಪಕ್ಕದಲ್ಲಿ ಆಗ ಅಂಗಡಿ, ಹೋಟೆಲು, ಗುಡಿ, ಮನೆ ಇದ್ದವರು ಇದನ್ನು ಓದುತ್ತಿರಬಹುದು. ಎತ್ತರದ, ತೆಳ್ಳಗಿನ ಹೆಂಗಸು, ವಯಸ್ಸು ಇಪ್ಪತ್ತೊಂಬತ್ತು, ಒಂದೇ ಜಡೆ, ಹೆಗಲಿಗೆ ಬೂದು ಬಣ್ಣದ ಬಟ್ಟೆಯ ಚೀಲ. ಮಳೆ ಬಂದಾಗ ಅವಳನ್ನು ಒಳಗೆ ಕರೆದವರು, ಕೂರಲು ಜಾಗ ಕೊಟ್ಟವರು, ಒಂದು ಲೋಟ ನೀರು ಕೊಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಬರೆಯಿರಿ. ತಾರೀಖು ನೆನಪಿರಬೇಕೆಂದಿಲ್ಲ. ಅಂದು ನಿಮ್ಮ ಮನೆಯಲ್ಲಿ ಏನು ನಡೆದಿತ್ತು, ಮಳೆ ಇತ್ತೋ ಬಿಸಿಲಿತ್ತೋ ಎಂದು ತಿಳಿಸಿದರೆ ಸಾಕು, ದಿನ ಯಾವುದೆಂದು ನಾನು ಹುಡುಕಿಕೊಳ್ಳುತ್ತೇನೆ. ಅವಳು ಅಂದು ಊಟ ಮಾಡಿದ್ದಳೇ ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ.